ಮೀನುಮರಿಗೆ ಕೊಡುವ ಅರ್ಧ ಗಂಟೆ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನೆಗಳಿಗೆ ವರ್ಷದ ದುಡ್ಡು ಹೆಚ್ಚುಕಡಿಮೆ ಒಂದೇ ಬಾರಿ ಬರುತ್ತದೆ. ಹರಾಜಿನ ಹಣ ಹಳೆಯ ಸಾಲಕ್ಕೆ, ಮದುವೆಗೆ, ಶಾಲೆಯ ಫೀಸಿಗೆ ಕರಗಿ, ಏಪ್ರಿಲ್ ಹೊತ್ತಿಗೆ ಕೈ ಖಾಲಿ. ಉಳುಮೆ, ಗೊಬ್ಬರ, ನಾಟಿಯ ಕೂಲಿ ಎದುರು ನಿಲ್ಲುವುದೂ ಆಗಲೇ. ನಮ್ಮ ಮನೆಯಲ್ಲಿ ಆ ಸಂದಿಗೆ ಒದಗಿದ್ದು ಕೃಷಿ ಹೊಂಡದ ಮೀನು. ಮಳೆಗಾಲದಲ್ಲಿ ಬಿಟ್ಟ ಕಾಟ್ಲಾ, ರೋಹುಗಳನ್ನು ಬೇಸಿಗೆಯಲ್ಲಿ ನೀರು ತಳ ಕಾಣುವ ಮೊದಲೇ ಹಿಡಿದು ಮಾರುತ್ತೇವೆ. ಕೈಸಾಲ ಕೇಳುವ ತಿಂಗಳಲ್ಲಿ ಸ್ವಂತ ದುಡ್ಡು ಕೈಯಲ್ಲಿರುತ್ತದೆ.

ಆ ದುಡ್ಡು ಎಷ್ಟು ಬಂದೀತು ಎಂಬುದು ಬಹುಪಾಲು ಮರಿ ಬಿಡುವ ದಿನವೇ ತೀರ್ಮಾನವಾಗುತ್ತದೆ ಎಂದು ನಾನು ನಂಬಿದ್ದೇನೆ. ಇಪ್ಪತ್ತೊಂದು ಮೀಟರ್ ಉದ್ದ, ಅಷ್ಟೇ ಅಗಲದ ಹೊಂಡಕ್ಕೆ 400 ಮರಿ ಬಿಟ್ಟಿರಿ ಎನ್ನಿ. ನೂರಕ್ಕೆ 70 ಉಳಿದು, ಒಂದೊಂದೂ 600 ಗ್ರಾಂ ತೂಗಿದರೆ 168 ಕಿಲೋ. ಲೆಕ್ಕಕ್ಕೆ ಕಿಲೋಗೆ 120 ರೂಪಾಯಿ ಹಿಡಿದರೆ 20,160 ರೂಪಾಯಿ. ನೂರಕ್ಕೆ 40 ಮಾತ್ರ ಉಳಿದರೆ 11,520. ಉಳಿದವು ಸ್ವಲ್ಪ ಹೆಚ್ಚು ದಪ್ಪಗಾಗಬಹುದು, ಆದರೂ ಅಷ್ಟು ದೊಡ್ಡ ಅಂತರ ತುಂಬುವುದಿಲ್ಲ. ಮರಿ ಕೊಳ್ಳುವಾಗ ಪೈಸೆ ಪೈಸೆಗೆ ಚೌಕಾಸಿ ಮಾಡುವ ನಾವು ಈ ನಷ್ಟವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮರಿಗಳು ಬರುವುದು ಮೂರನೇ ಒಂದು ಪಾಲು ನೀರು, ಉಳಿದದ್ದು ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ. ದಾರಿಯುದ್ದಕ್ಕೂ ಕುಲುಕಾಟ, ಹೊಟ್ಟೆಯೂ ಖಾಲಿ. ತಂದವನಿಗೆ ಆತುರ: "ಸುರಿದುಬಿಡಿ ಅಣ್ಣ, ನಾನಿನ್ನೂ ಕೆ.ಆರ್. ನಗರಕ್ಕೆ ಹೋಗ್ಬೇಕು." ಅವನನ್ನು ಕೂರಿಸಿ ಟೀ ಕೊಡಿ. ಕಟ್ಟು ಬಿಚ್ಚದೆ ಚೀಲಗಳನ್ನು ನೆರಳಿರುವ ಕಡೆ ಹೊಂಡದಲ್ಲಿ ತೇಲಬಿಡಿ. ಅರ್ಧ ಗಂಟೆಯಲ್ಲಿ ಒಳಗಿನ ನೀರಿನ ಬಿಸಿ ಹೊರಗಿನದಕ್ಕೆ ಹೊಂದಿಕೊಳ್ಳುತ್ತದೆ. ಟ್ರೇ ಸಸಿಗೆ ನೀರು ಕಡಿಮೆ ಮಾಡಿ, ಬಿಸಿಲಿಗೆ ಪಳಗಿಸಿ ಹೊಲಕ್ಕೆ ಒಯ್ಯುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಟ್ಟು ಬಿಚ್ಚಿದ ಮೇಲೆ ಮಾತ್ರ ತಡ ಕೂಡದು. ಮುಚ್ಚಿದ ಚೀಲದಲ್ಲಿ ಮರಿಗಳು ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ನೀರನ್ನು ಹುಳಿಯಾಗಿಸಿರುತ್ತದೆ. ಆ ಹುಳಿಯಲ್ಲಿ ಅವುಗಳ ಹೊಲಸಿನ ಅಮೋನಿಯಾದ ವಿಷ ತಗ್ಗಿರುತ್ತದೆ. ಬಾಯಿ ತೆರೆದರೆ ಆ ಗಾಳಿ ಹೊರಟುಹೋಗಿ ವಿಷ ಏರುತ್ತದೆ. ಹೊಂಡದ ನೀರನ್ನು ಒಂದೆರಡು ಬಾರಿ ಚೀಲಕ್ಕೆ ಬೆರೆಸಿ, ಅಡ್ಡ ಹಿಡಿದು, ಮರಿಗಳು ತಾವಾಗಿ ಈಜಿಕೊಂಡು ಹೋಗಲು ಬಿಡಿ.

ಹೊತ್ತೂ ಮುಖ್ಯ. ಹಸಿರುಗಟ್ಟಿದ ಹೊಂಡದಲ್ಲಿ ಸೂರ್ಯ ಹುಟ್ಟುವ ಮುಂಚೆ ಆಕ್ಸಿಜನ್ ತೀರಾ ಕಡಿಮೆ. ಬಿಸಿಲು ಬಂದು ಸ್ವಲ್ಪ ಹೊತ್ತಾದ ಮೇಲೋ, ಸಂಜೆಯ ತಂಪಿನಲ್ಲೋ ಬಿಡುವುದು ಒಳ್ಳೆಯದು. ಎಚ್.ಡಿ. ಕೋಟೆ ಕಡೆ ಹೊಸದಾಗಿ ಹಾಳೆ ಹೊದಿಸಿದ ಹೊಂಡ ನೋಡಿದಾಗ ನನಗೆ ಅಳುಕು: ಕನ್ನಡಿಯಂಥ ಆ ನೀರಿನಲ್ಲಿ ಮರಿ ತಿನ್ನಲು ಏನೂ ಇರುವುದಿಲ್ಲ. ಮೊದಲೇ ಸಗಣಿ, ಸುಣ್ಣ ಹಾಕಿ ನೀರು ತಿಳಿಹಸಿರಾಗುವವರೆಗೆ ಕಾಯಬೇಕು.

ದುಡ್ಡು ಹೆಚ್ಚು ಸುರಿಯುವುದಾದರೆ ಬಲಿತ ಮರಿಗೆ ಸುರಿಯಿರಿ. ಬೆರಳುದ್ದದ ಮರಿ ಹಾವು, ಕಪ್ಪೆ, ಮಿಂಚುಳ್ಳಿಗಳ ಬಾಯಿಂದ ತಪ್ಪಿಸಿಕೊಳ್ಳುವುದು ಹೆಚ್ಚು. ಹೊಸದಾಗಿ ಹೊಂಡ ತೋಡುವವರು 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಬಗ್ಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಘಟಕ ವೆಚ್ಚದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ, ಪರಿಶಿಷ್ಟರಿಗೆ ಶೇ. 60 ಸಹಾಯಧನವಿದೆ.

ಮೊದಲ ದಿನ ಮೇವು ಹಾಕಬೇಡಿ. ಮಾರನೆಯ ಬೆಳಿಗ್ಗೆ ದಂಡೆಯ ಸುತ್ತ ನಡೆದು ಸತ್ತ ಮರಿಗಳನ್ನು ತೆಗೆದು, ಎಣಿಸಿ ಬರೆದಿಡಿ. ತಿಂಗಳಿಗೊಮ್ಮೆ ಬಲೆ ಎಳೆದು ತೂಕ ನೋಡಿ. ಮೇವಿನ ಅಳತೆ ಬದುಕಿರುವ ಮೀನಿನ ತೂಕಕ್ಕೆ ತಕ್ಕಂತಿರಲಿ, ಬಿಟ್ಟ ಮರಿಯ ಲೆಕ್ಕಕ್ಕಲ್ಲ. ತಿನ್ನದೆ ಉಳಿದ ಹಿಂಡಿ ತಳದಲ್ಲಿ ಕೊಳೆತು, ನೀರನ್ನೂ ಕೆಡಿಸುತ್ತದೆ.