ಸಸಿಯೊಡನೆ ಸಾಗರ ದಾಟಿದ ರೋಗ

ಟೊಮೇಟೋ ಗಿಡದ ಎಲೆಗಳು ಅಂಚಿನಲ್ಲಿ ಹಳದಿಯಾಗಿ, ದೊನ್ನೆಯಂತೆ ಮೇಲಕ್ಕೆ ಮುದುಡಿಕೊಂಡು, ಗಿಡವು ಬೆಳೆಯದೆ ಕುಳ್ಳಾಗಿಯೇ ನಿಂತುಬಿಡುವ ರೋಗವೊಂದುಂಟು. ಹೂವು ಉದುರುವುದು, ಕಾಯಿ ಕಚ್ಚದು. ಎಳೆಯ ಸಸಿಗೆ ತಗುಲಿದರೆ ಬೆಳೆಯ ಆಸೆಯನ್ನೇ ಬಿಡಬೇಕಾಗುವುದು. 1930ರ ದಶಕದ ಕೊನೆಯಲ್ಲಿ ಜೋರ್ಡಾನ್ ನದಿಯ ಕಣಿವೆಯಲ್ಲಿ ಇದು ಕಾಣಿಸಿಕೊಂಡಿತು. ಬಿಳಿನೊಣವು ಹರಡುವ ವೈರಸ್ಸೇ ಇದರ ಮೂಲವೆಂದು ಕೋಹೆನ್ ಮತ್ತು ಹರ್ಪಾಜ್ ಎಂಬ ವಿಜ್ಞಾನಿಗಳು 1964ರಲ್ಲಿ ವಿವರಿಸಿದರು. ನಮ್ಮ ಕೋಲಾರದ ರೈತರು ಬಲ್ಲ ಎಲೆಮುದುಡು ರೋಗವು ಇದರ ದಾಯಾದಿ; ಬೆಂಗಳೂರಿನ ಹೆಸರನ್ನೇ ಹೊತ್ತ ಬೇರೊಂದು ವೈರಸ್ ಅದರ ಕಾರಣಗಳಲ್ಲಿ ಒಂದು.

ಈ ವೈರಸ್ಸಿನ ಗಾತ್ರವನ್ನು ಕುರಿತು ಕೊಂಚ ಯೋಚಿಸೋಣ. ಎರಡು ಗುಂಡುಗಳನ್ನು ಒತ್ತಿ ಅಂಟಿಸಿದಂತಿರುವ ಈ ಜೋಡಿಕಣದ ಉದ್ದ ಸುಮಾರು 30 ನ್ಯಾನೋಮೀಟರು. ಕಣ್ಣಿಗೆ ಕಾಣುವ ಬೆಳಕಿನ ಅತಿ ಕಿರಿಯ ಅಲೆಯುದ್ದವೇ 400 ನ್ಯಾನೋಮೀಟರಿನಷ್ಟಿರುವಾಗ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಇದರ ಆಕಾರ ತೋರುವುದಾದರೂ ಹೇಗೆ? ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಬಿಳಿನೊಣವಾದರೋ ಒಂದು ಮಿಲಿಮೀಟರಿನಷ್ಟು ಉದ್ದದ ಕೀಟ. ವೈರಸ್ಸನ್ನು ಒಂದು ರಾಗಿಕಾಳಿನಷ್ಟು ಹಿಗ್ಗಿಸಿದೆವೆನ್ನಿ. ಅದೇ ಪ್ರಮಾಣದಲ್ಲಿ ನೊಣದ ಉದ್ದ ಸುಮಾರು 50 ಮೀಟರಾಗುವುದು!

ನೊಣವು ರೋಗದ ಗಿಡದ ರಸವನ್ನು ಹೀರಿದೊಡನೆ ವೈರಸ್ ಅದರ ಕರುಳಿನ ಗೋಡೆಯನ್ನು ದಾಟಿ, ದೇಹದ್ರವದಲ್ಲಿ ತೇಲಿ, ಜೊಲ್ಲಿನ ಗ್ರಂಥಿಯನ್ನು ಸೇರುವುದು. ಈ ಪ್ರಯಾಣಕ್ಕೆ ಕೆಲವು ಗಂಟೆಗಳು ಹಿಡಿಯುವುವು. ಅಲ್ಲಿಂದ ಮುಂದೆ ವಾರಗಟ್ಟಲೆ ಆ ನೊಣವು ಚುಚ್ಚಿದ ಟೊಮೇಟೋ ಗಿಡಕ್ಕೆಲ್ಲ ಅಪಾಯವೇ.

ಆದರೂ ಗಾಳಿಯ ನೆರವಿದ್ದಾಗ ಕೆಲವು ಕಿಲೋಮೀಟರು ಹಾರಬಲ್ಲ ಈ ನೊಣ ಸಾಗರವನ್ನು ದಾಟಲಾರದು. ಹೀಗಿದ್ದೂ 1990ರ ದಶಕದ ಆದಿಯಲ್ಲಿ, ಹತ್ತು ಸಾವಿರ ಕಿಲೋಮೀಟರಿಗೂ ಆಚೆಯ ಡೊಮಿನಿಕನ್ ಗಣರಾಜ್ಯದಲ್ಲಿ ರೋಗ ಕಾಣಿಸಿತು. 1997ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ. ಹೊರದೇಶದಿಂದ ತರಿಸಿದ ಸಸಿಗಳೇ ಡೊಮಿನಿಕನ್ ಗಣರಾಜ್ಯಕ್ಕೆ ಅದನ್ನು ಹೊತ್ತು ತಂದುವೆಂಬುದು ತಜ್ಞರ ಅಭಿಪ್ರಾಯ. ಇದು ಅಸಂಭವವೇನಲ್ಲ. ಸೋಂಕು ತಗುಲಿದ ಎರಡು ಮೂರು ವಾರಗಳವರೆಗೆ ಸಸಿ ಹಚ್ಚಗೆ ನಳನಳಿಸುತ್ತಿರುವುದು. ಬಂದರಿನಲ್ಲಿ ಪರೀಕ್ಷಿಸುವ ಅಧಿಕಾರಿಯ ಕಣ್ಣು ಎಷ್ಟೇ ಚುರುಕಾಗಿದ್ದರೂ ಇಲ್ಲದ ಲಕ್ಷಣವನ್ನು ಕಂಡೀತೆ?

ಡೊಮಿನಿಕನ್ನರು ಹಿಡಿದ ಉಪಾಯ ಕಠಿನವಾದುದು. ವರ್ಷದಲ್ಲಿ ಮೂರು ತಿಂಗಳು ಟೊಮೇಟೋ ಮಾತ್ರವಲ್ಲದೆ ಬಿಳಿನೊಣ ಬದುಕುವ ಬದನೆ, ಬೀನ್ಸ್, ಸೌತೆ ಮೊದಲಾದುವನ್ನೂ ಬೆಳೆಯಕೂಡದೆಂದು ಕಾನೂನು ಮಾಡಿದರು. ಹಳೆಯ ನೊಣಗಳು ಸಾಯುವುವು. ಹೊಸದಾಗಿ ಹುಟ್ಟಿದವಕ್ಕೆ ಹೀರಲು ರೋಗದ ಗಿಡ ಸಿಕ್ಕದು. ಮೂರು ತಿಂಗಳು ತರಕಾರಿಯ ಆದಾಯವಿಲ್ಲದಿರುವುದು ಸಣ್ಣ ಹಿಡುವಳಿಯ ರೈತನಿಗೆ ಎಂತಹ ಹೊರೆಯೆಂಬುದನ್ನು ವಾಚಕರು ಊಹಿಸಬಲ್ಲರು. ಆದರೆ ಉಪಾಯ ಫಲಿಸಿತು, ಟೊಮೇಟೋ ಬೆಳೆ ಚೇತರಿಸಿತು.

ಇಸ್ರೇಲಿನಲ್ಲಿ ಭೌತಶಾಸ್ತ್ರಕ್ಕೆ ಹತ್ತಿರವಾದ ಮಾರ್ಗವೊಂದನ್ನು ಕಂಡುಕೊಂಡರು. ನಮಗೆ ಅದೇ ಹೆಚ್ಚು ಸ್ವಾರಸ್ಯವೆನಿಸುತ್ತದೆ. ಬಿಳಿನೊಣವು ದಾರಿ ಹುಡುಕುವುದರಲ್ಲಿ ಅತಿನೇರಳೆ ಕಿರಣಗಳನ್ನು ಬಳಸುವುದು. ಆ ಕಿರಣಗಳನ್ನು ಹೀರಿಬಿಡುವ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿದ ಬೆಳೆಮನೆಗೆ ನೊಣಗಳು ಬರುವುದು ಬಹಳ ಕಡಿಮೆ. ಗಿಡಕ್ಕೆ ಬೇಕಾದ ಬೆಳಕು ಮಾತ್ರ ಎಂದಿನಂತೆ ಒಳಬರುವುದು. ಅಂಗುಲಕ್ಕೆ 50 ಎಳೆಗಳಿರುವ ಬಲೆಯೂ ನೊಣವನ್ನು ತಡೆಯುವುದು. ಆದರೆ ಅಷ್ಟು ಸಣ್ಣ ಕಣ್ಣುಗಳಲ್ಲಿ ಗಾಳಿ ಸರಾಗವಾಗಿ ಆಡದೆ ಒಳಗೆ ಸೆಕೆ ಏರುವುದರಿಂದ, ಬೇಸಗೆಯಲ್ಲಿ ಗಿಡಗಳನ್ನು ತಂಪಾಗಿಡುವುದೇ ಬೇರೊಂದು ಸಮಸ್ಯೆಯಾಗುವುದು.