ಕಣ್ಣಿನ ಉಪವಾಸ, ಕಿವಿಯ ಪಾರಣೆ

‘ಉಪವಾಸ’ವೆಂದರೆ ಊಟ ಬಿಡುವುದೆಂದೇ ನಮ್ಮಲ್ಲಿ ರೂಢಿಯಾಗಿದೆ. ಆದರೆ ಆ ಶಬ್ದದಲ್ಲಿ ಊಟದ ಪ್ರಸ್ತಾಪವೇ ಇಲ್ಲ. ‘ಉಪ’ ಎಂದರೆ ಸಮೀಪ, ‘ವಾಸ’ ಎಂದರೆ ಇರುವಿಕೆ. ಪಾಪಗಳಿಂದ ಹಿಂದೆ ಸರಿದು ಸದ್ಗುಣಗಳೊಡನೆ ವಾಸಿಸುವುದು, ಸಕಲ ಭೋಗಗಳನ್ನೂ ವರ್ಜಿಸುವುದು ಉಪವಾಸವೆಂದು ಧರ್ಮಶಾಸ್ತ್ರಕಾರರು ವಿವರಿಸಿದ್ದಾರೆ. ಭೋಗವೆಂಬುದು ನಾಲಗೆಗೆ ಮಾತ್ರ ಸೇರಿದ್ದಲ್ಲ. ಕಣ್ಣಿಗೆ ರೂಪವೂ ಕಿವಿಗೆ ಶಬ್ದವೂ ಆಹಾರವೇ. ಪುಸ್ತಕದಿಂದ ಎಂದೋ ತಿಳಿದಿದ್ದ ಈ ಅರ್ಥವು ಫುಟ್‌ಬಾಲ್ ಪಂದ್ಯವೊಂದರ ರಾತ್ರಿ ನನಗೆ ಅನುಭವಕ್ಕೆ ಬಂದ ಬಗೆಯನ್ನು ವಾಚಕರಲ್ಲಿ ನಿವೇದಿಸುತ್ತೇನೆ.

2022ನೆಯ ಡಿಸೆಂಬರ್ 18, ಭಾನುವಾರ. ಕತಾರ್ ದೇಶದ ಲುಸೈಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ಮತ್ತು ಫ್ರಾನ್ಸ್ ತಂಡಗಳ ನಡುವೆ ವಿಶ್ವಕಪ್ಪಿನ ಫೈನಲ್ ಪಂದ್ಯ. ನಮ್ಮ ಗಡಿಯಾರಕ್ಕೆ ಅದು ರಾತ್ರಿ ಎಂಟೂವರೆಗೆ ಆರಂಭ. ಪಂಚಾಂಗದಲ್ಲಿ ಅಂದು ಮಾರ್ಗಶಿರ ಬಹುಳ ದಶಮಿ, ಮರುದಿನ ಸಫಲಾ ಏಕಾದಶಿ. ಧನುರ್ಮಾಸವೂ ಆಗತಾನೆ ಹಿಡಿದಿತ್ತು. ದಶಮಿಯಂದು ಏಕಭುಕ್ತ, ಏಕಾದಶಿಯಂದು ನಿರಾಹಾರ, ದ್ವಾದಶಿಯ ಬೆಳಿಗ್ಗೆ ಪಾರಣೆ ಎಂಬ ದಿನತ್ರಯ ವ್ರತವನ್ನು ಓದುಗರಿಗೆ ನಾನು ಹೇಳಿಕೊಡಬೇಕಾಗಿಲ್ಲ. ದಶಮಿಯ ರಾತ್ರಿ ಬೇಗನೆ ಮಲಗಿ ಅರುಣೋದಯದ ಪೂಜೆಗೆ ಏಳಬೇಕು. ಜಾಗರಣೆ ವಿಹಿತವಾಗಿರುವುದು ಏಕಾದಶಿಯ ರಾತ್ರಿಗೆ. ಅಂದು ಮುಂಬಯಿ ನಗರವೆಲ್ಲ ದಶಮಿಯ ರಾತ್ರಿಯೇ ಜಾಗರಣೆಗೆ ಸಿದ್ಧವಾಗಿ ಕುಳಿತಿತ್ತು.

ಭಾರತ ತಂಡವು ಈ ಸ್ಪರ್ಧೆಯ ಪ್ರಧಾನ ಸುತ್ತಿನಲ್ಲಿ ಅಲ್ಲಿಯವರೆಗೆ ಒಮ್ಮೆಯೂ ಆಡಿದ್ದಿಲ್ಲ. 1950ರಲ್ಲಿ ಬ್ರೆಜಿಲ್‌ಗೆ ಹೋಗುವ ಅವಕಾಶ ಒದಗಿದ್ದರೂ ಹೋಗಲಿಲ್ಲ. ಆದರೂ ನಮ್ಮವರ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಕೇರಳದಲ್ಲಿ ನದಿಯ ನಡುವೆಯೇ ಮೆಸ್ಸಿಯ ಬೃಹತ್ ಕಟೌಟ್ ನಿಲ್ಲಿಸಿದ್ದರು. ನಮ್ಮ ಸೊಸೈಟಿಯ ಅಂಗಳದಲ್ಲಿ ದೊಡ್ಡ ಪರದೆ ಕಟ್ಟಿದ್ದರು. ಈ ಒಂದು ಪಂದ್ಯವು ಜಗತ್ತಿನಲ್ಲಿ ಸುಮಾರು 150 ಕೋಟಿ ಜನರನ್ನು ತಲುಪಿತೆಂದು ಫಿಫಾ ಸಂಸ್ಥೆ ಆಮೇಲೆ ತಿಳಿಸಿತು.

ನಾನು ಈ ಆಟದ ದ್ವೇಷಿಯಲ್ಲ. ನಮ್ಮ ರೈಲ್ವೆ ತಂಡವು ಹಿಂದೆ ಸಂತೋಷ್ ಟ್ರೋಫಿಯನ್ನೇ ಗೆದ್ದಿದೆ. ತಾರುಣ್ಯದಲ್ಲಿ ಬರಿಗಾಲಲ್ಲಿ ಚೆಂಡೊದ್ದವರಲ್ಲಿ ನಾನೂ ಒಬ್ಬ. 1986ನೆಯ ಜೂನ್ 29ರ ನಡುರಾತ್ರಿ, ಮೆಕ್ಸಿಕೋದಿಂದ ಬರುತ್ತಿದ್ದ ಅರ್ಜೆಂಟೀನಾ ಮತ್ತು ಪಶ್ಚಿಮ ಜರ್ಮನಿಯ ಫೈನಲ್ ಪಂದ್ಯವನ್ನು ರೈಲ್ವೆ ಕ್ವಾರ್ಟರ್ಸಿನ ಒಂದು ಟಿ.ವಿ.ಯ ಮುಂದೆ ಇಪ್ಪತ್ತು ಜನ ಕುಳಿತು ನೋಡಿದ್ದೆವು. ಮರಡೋನನ ತಂಡ ಎರಡು ಗೋಲು ಮುಂದಿದ್ದು, ಎದುರಾಳಿಗಳು ಸಮ ಮಾಡಿ, ಕೊನೆಗೆ 3-2ರಿಂದ ಅರ್ಜೆಂಟೀನಾ ಗೆದ್ದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆದ್ದರಿಂದಲೇ 2022ರ ಪಂದ್ಯವನ್ನು ನೋಡಬಾರದೆಂದು ನಿಶ್ಚಯಿಸಿದಾಗ ಅದು ನನಗೆ ನಿಜವಾದ ತ್ಯಾಗವೆಂದೇ ತೋರಿತು. ಅಷ್ಟಿಷ್ಟು ಅಭಿಮಾನವೂ ಹುಟ್ಟಿತೆಂದು ಒಪ್ಪಿಕೊಳ್ಳುತ್ತೇನೆ.

ಹನ್ನೊಂದು ವರ್ಷದ ಮೊಮ್ಮಗನು, “ಅಜ್ಜ, ನೀವು ಬರೋದಿಲ್ವಾ?” ಎಂದು ಎರಡು ಸಲ ಕೇಳಿದ. ಇಲ್ಲವೆಂದೆ. ಅವನನ್ನು ತಡೆಯಲಿಲ್ಲ. ಸಂಕಲ್ಪವನ್ನು ಮಾಡಿದವನೇ ನಡೆಸಬೇಕು. ಒಬ್ಬನ ಸಂಕಲ್ಪವನ್ನು ಇನ್ನೊಬ್ಬನ ತಲೆಯ ಮೇಲೆ ಹೊರಿಸಿದರೆ ಅದು ವ್ರತವಾಗುವುದಿಲ್ಲ, ಸುತ್ತೋಲೆಯಾಗುತ್ತದೆ. ಸುತ್ತೋಲೆಗಳನ್ನು ಹೊರಡಿಸಿಯೇ ಬಾಳು ಸವೆಸಿದವನು ನಾನು; ಅವುಗಳ ಫಲವೆಷ್ಟೆಂದು ಬಲ್ಲೆ.

ಅವರೆಲ್ಲ ಕೆಳಗಿಳಿದು ಹೋದ ಮೇಲೆ ಶ್ರೀಮದ್ಭಾಗವತದ ಏಕಾದಶ ಸ್ಕಂಧವನ್ನು ತೆರೆದು ಕುಳಿತೆ. ಸ್ವಲ್ಪ ಹೊತ್ತಿನಲ್ಲೇ ಅಂಗಳದಿಂದ ಒಂದು ಘೋಷ ಎದ್ದಿತು; ಸ್ವಲ್ಪ ತಡೆದು ಮತ್ತೊಂದು. ನಮ್ಮ ಕಟ್ಟಡದಲ್ಲಿ ಅರ್ಜೆಂಟೀನಾದ ಪಕ್ಷದವರೇ ಹೆಚ್ಚು. ಎರಡು ಗೋಲು ಎಂದು ಮನಸ್ಸು ಲೆಕ್ಕವಿಟ್ಟಿತು. ಬಳಿಕ ಬಹಳ ಹೊತ್ತು ಶಾಂತಿ. ಹತ್ತೂಕಾಲರ ಸುಮಾರಿಗೆ, ಹರ್ಷಕ್ಕಿಂತ ಹಾಹಾಕಾರವೇ ಮಿಗಿಲಾದ ಎರಡು ಕೂಗುಗಳು ಒಂದರ ಬೆನ್ನಿಗೆ ಒಂದು. ‘ಸಮವಾಯಿತು! ಮೆಕ್ಸಿಕೋದಲ್ಲಿ ಆದಂತೆಯೇ ಆಯಿತು!’ ಎಂದು ನನಗೆ ನಾನೇ ಹೇಳಿಕೊಂಡೆ. ಆ ಬಳಿಕ ಮಲಗಲು ಹೋದವನು ಹಾಸಿಗೆಯ ಮೇಲೆ ಕುಳಿತೇ ಇದ್ದೆ. ಹನ್ನೊಂದೂವರೆಗೆ ಸಮೀಪಿಸಿದಾಗ ಪಟಾಕಿಗಳು ಸಿಡಿದವು. ಗ್ರಂಥವನ್ನು ಮುಚ್ಚಲು ಹೋದರೆ ಎಂಟೂವರೆಗೆ ತೆರೆದ ಪುಟವೇ ತೆರೆದಿತ್ತು.

ಬೆಳಿಗ್ಗೆ ಮೊಮ್ಮಗನು ವಾರ್ತೆ ಹೇಳಲು ಓಡಿಬಂದ. ಅವನು ಬಾಯಿ ತೆರೆಯುವ ಮೊದಲೇ, “ಎರಡು ಗೋಲು ಹಿಂದಿದ್ದವರು ಒಂದೇ ಉಸಿರಿನಲ್ಲಿ ಸಮ ಮಾಡಿದರಲ್ಲವೇನೋ?” ಎಂದೆ. ಹುಡುಗನು ಬೆರಗಾಗಿ, “ನೀವು ನೋಡಲೇ ಇಲ್ಲ ಅಂದ್ರಲ್ಲ ಅಜ್ಜ?” ಎಂದ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. 3-3ರ ಸಮಬಲ, ಪೆನಾಲ್ಟಿಗಳಲ್ಲಿ 4-2ರಿಂದ ಅರ್ಜೆಂಟೀನಾಕ್ಕೆ ಮೂರನೆಯ ಕಪ್ ಎಂಬುದನ್ನು ಅವನೇ ಹೇಳಿ ಮುಗಿಸಿದ.

ನಾನು ತೆರೆದಿಟ್ಟಿದ್ದ ಪುಟ ಯಾವುದೆಂಬುದನ್ನು ಈಗ ಹೇಳಬೇಕು. ಯದುರಾಜನಿಗೆ ಅವಧೂತನು ತನ್ನ ಇಪ್ಪತ್ತನಾಲ್ಕು ಗುರುಗಳನ್ನು ವರ್ಣಿಸುವ ಪ್ರಸಂಗವನ್ನು ಶ್ರೀಕೃಷ್ಣನು ಉದ್ಧವನಿಗೆ ಹೇಳುತ್ತಾನೆ. ಅದರ ಎಂಟನೆಯ ಅಧ್ಯಾಯ. ಪತಂಗವು ಬೆಂಕಿಯ ರೂಪಕ್ಕೆ ಮರುಳಾಗಿ ಬಿದ್ದು ಸಾಯುತ್ತದೆ. ಅದು ಕಣ್ಣಿನ ಪಾಠ. ಜಿಂಕೆಯು ಬೇಟೆಗಾರನ ಗೀತಕ್ಕೆ ಮರುಳಾಗಿ ಸಿಕ್ಕಿಬೀಳುತ್ತದೆ. ಅದು ಕಿವಿಯ ಪಾಠ. ಹರಿಣಿಯ ಮಗನಾದ ಋಷ್ಯಶೃಂಗನು ಹಾಡಿಗೂ ನೃತ್ಯಕ್ಕೂ ವಶನಾದದ್ದನ್ನು ಅವಧೂತನು ಅಲ್ಲಿಯೇ ನೆನೆಯುತ್ತಾನೆ. ನಾನು ಪತಂಗವಾಗಲಿಲ್ಲವೆಂದು ಬೀಗುತ್ತ ಮೂರು ಗಂಟೆ ಜಿಂಕೆಯಾಗಿ ಕುಳಿತಿದ್ದೆ. ರೈಲ್ವೆಯವನ ಭಾಷೆಯಲ್ಲಿ ಹೇಳುವುದಾದರೆ, ಮೈನ್ ಲೈನಿಗೆ ಕೆಂಪು ದೀಪ ತೋರಿಸಿ ಲೂಪ್ ಲೈನಿಗೆ ಸಿಗ್ನಲ್ ಕೊಟ್ಟಿದ್ದೆ. ಗಾಡಿ ಮಾತ್ರ ಅದೇ ನಿಲ್ದಾಣವನ್ನು ಸೇರಿತು.

ಗೀತೆಯಲ್ಲಿ ಭಗವಂತನು ಇದನ್ನು ಎರಡು ಕಡೆ ಹೇಳಿದ್ದಾನೆ. ಮೂರನೆಯ ಅಧ್ಯಾಯದಲ್ಲಿ, ಕರ್ಮೇಂದ್ರಿಯಗಳನ್ನು ಬಿಗಿಹಿಡಿದು ಮನಸ್ಸಿನಲ್ಲಿ ವಿಷಯಗಳನ್ನೇ ನೆನೆಯುತ್ತ ಕುಳಿತವನನ್ನು ಮಿಥ್ಯಾಚಾರನೆಂದು ಕರೆಯುತ್ತಾನೆ. ಕಠಿಣವಾದ ಮಾತು, ಆ ಬೆಳಿಗ್ಗೆ ಅದು ನನಗೆ ನೇರವಾಗಿ ತಾಗಿತು. ಎರಡನೆಯ ಅಧ್ಯಾಯದ ಮಾತಿನಲ್ಲಿ ಕರುಣೆ ಹೆಚ್ಚು. ಆಮೆಯು ಅಂಗಗಳನ್ನು ಎಲ್ಲ ಕಡೆಯಿಂದಲೂ ಒಳಗೆಳೆದುಕೊಳ್ಳುವಂತೆ ಇಂದ್ರಿಯಗಳನ್ನು ಸೆಳೆದುಕೊಳ್ಳಬೇಕೆಂದು ಅಲ್ಲಿ ಹೇಳಿದೆ. ‘ಎಲ್ಲ ಕಡೆಯಿಂದಲೂ’ ಎಂಬುದನ್ನು ಗಮನಿಸಬೇಕು. ಒಂದು ಕಾಲನ್ನು ಹೊರಗೆ ಬಿಟ್ಟ ಆಮೆಗೆ ಚಿಪ್ಪಿನ ರಕ್ಷಣೆಯಿಲ್ಲ. ಅದರ ಮುಂದಿನ ಶ್ಲೋಕದಲ್ಲಿ, ನಿರಾಹಾರನಾದವನಿಂದ ವಿಷಯಗಳು ದೂರ ಸರಿದರೂ ರಸವು ಉಳಿಯುತ್ತದೆ, ಪರತತ್ತ್ವವನ್ನು ಕಂಡ ಮೇಲೆಯೇ ಅದೂ ಹೋಗುತ್ತದೆ ಎಂಬ ಅಭಿಪ್ರಾಯವಿದೆ. ‘ಕಂಡ ಮೇಲೆ’ ಎಂಬುದರಲ್ಲಿ ನನ್ನ ಪ್ರಶ್ನೆಗೆ ಪರಿಹಾರ ದೊರೆಯಿತು. ಆ ದರ್ಶನವು ನಮ್ಮಂಥವರಿಗೆ ದೂರದ ಮಾತಾದರೂ ಸಾಧನೆಯ ಕ್ರಮವನ್ನು ಅದು ತೋರಿಸುತ್ತದೆ. ಒಂದನ್ನು ನೋಡದಿರುವುದಷ್ಟೇ ಸಾಲದು. ಅದರ ಸ್ಥಾನದಲ್ಲಿ ಇನ್ನೊಂದನ್ನು ನೋಡಬೇಕು. ನಾನು ಗ್ರಂಥವನ್ನು ತೆರೆದಿದ್ದೆನೇ ಹೊರತು ಓದಿರಲಿಲ್ಲ. ತೆರೆದ ಗ್ರಂಥವು ನನ್ನ ತ್ಯಾಗಕ್ಕೆ ಅಲಂಕಾರವಾಗಿತ್ತು, ಅಷ್ಟೆ.

ಹಾಗಾದರೆ ಅಂಗಳಕ್ಕಿಳಿದು ನೋಡಿಬಿಡುವುದೇ ಪ್ರಾಮಾಣಿಕವಾಗಿತ್ತಲ್ಲವೆ ಎಂದು ಮಿತ್ರರೊಬ್ಬರು ಕೇಳಿದರು. ನಾನು ಒಪ್ಪಲಿಲ್ಲ. ಏಕಾದಶಿಯಂದು ಮನಸ್ಸು ಉಪ್ಪಿಟ್ಟನ್ನು ನೆನೆಯಿತೆಂದು ಉಪ್ಪಿಟ್ಟು ತಿಂದುಬಿಡುವುದು ಪ್ರಾಮಾಣಿಕತೆಯಲ್ಲ. ಅರ್ಧ ನಡೆದ ವ್ರತವನ್ನು ಪೂರ್ಣ ಮಾಡುವ ಪ್ರಯತ್ನ ಬೇಕು.

ನನ್ನ ತಪ್ಪು ಮೌನವಾಗಿ ಓದಲು ಕುಳಿತದ್ದರಲ್ಲಿತ್ತು. ಬಾಯಿ ಸುಮ್ಮನಿದ್ದರೆ ಕಿವಿ ಬೀದಿಗೆ ಹೋಗುತ್ತದೆ. ನಮ್ಮ ಹಿರಿಯರು ಪಾರಾಯಣವನ್ನು ಗಟ್ಟಿಯಾಗಿ ಮಾಡುತ್ತಿದ್ದುದಕ್ಕೆ ಇದೂ ಒಂದು ಕಾರಣವಿರಬಹುದು: ತನ್ನ ಧ್ವನಿಯೇ ತನ್ನ ಕಿವಿಗೆ ಬೇಲಿ. ಮರುದಿನ, ಏಕಾದಶಿಯ ರಾತ್ರಿ, ಅದೇ ಅಧ್ಯಾಯವನ್ನು ದೇವರ ಮುಂದೆ ಕುಳಿತು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಅರ್ಥ ಹೇಳತೊಡಗಿದೆ. ಮೊಮ್ಮಗನು ತಾನಾಗಿಯೇ ಬಂದು ಕುಳಿತ. ಪತಂಗದ ಕಥೆಯನ್ನು ಎರಡು ಸಲ ಹೇಳಿಸಿದ. ಆನೆ ಬಂತು, ಜಿಂಕೆ ಬಂತು. ಒಂಬತ್ತೂವರೆಯಾಗಿತ್ತು. ಹಿಂದಿನ ರಾತ್ರಿ ಹನ್ನೊಂದೂವರೆಯವರೆಗೆ ಎಚ್ಚರವಿದ್ದ ನನಗೆ ವಿಹಿತವಾದ ಜಾಗರಣೆಯ ರಾತ್ರಿಯಲ್ಲಿ ಕಣ್ಣು ಎಳೆಯುತ್ತಿತ್ತು. ಹುಡುಗನು ಮೊಣಕೈ ಹಿಡಿದು ಅಲುಗಿಸಿ, “ಅಜ್ಜ, ಜಿಂಕೆ ಆದ್ಮೇಲೆ ಯಾರು?” ಎಂದ.

“ಮೀನು. ಅದು ನಾಲಗೆಯ ಪಾಠ” ಎಂದು ಪುಟ ತಿರುವಿದೆ. ದ್ವಾದಶಿಯ ಪಾರಣೆಗೆ ಇನ್ನೂ ಹತ್ತು ಗಂಟೆಗಳಿದ್ದವು.