ದನಗಳ ಹುಚ್ಚು: ಲಕ್ಷಣವೂ ದಯೆಯ ಉಪಚಾರವೂ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ದನಗಳು ಬೆಟ್ಟದ ಹುಲ್ಲು-ಸೊಪ್ಪು ಮೇಯ್ದು, ಹಿಂಡಿ-ಅಕ್ಕಚ್ಚು ಉಂಡು ಬಾಳತಕ್ಕವು. 1986ರಲ್ಲಿ ಇಂಗ್ಲೆಂಡಿನಲ್ಲಿ ಗುರುತಿಸಲ್ಪಟ್ಟ ಹುಚ್ಚು ಹಸುವಿನ ರೋಗವು, ಹುಲ್ಲು ತಿನ್ನುವ ಪ್ರಾಣಿಗೆ ಸತ್ತ ದನಗಳ ಮಾಂಸ-ಎಲುಬಿನ ಹುಡಿಯನ್ನು ಮೇವಿನೊಡನೆ ತಿನ್ನಿಸಿದ್ದರಿಂದ ಹರಡಿತು. ಆ ರೋಗವು ಭಾರತದಲ್ಲಿ ಇದುವರೆಗೆ ವರದಿಯಾಗಿಲ್ಲ. ಆದುದರಿಂದ ಇಲ್ಲಿ ದನಕ್ಕೆ ಹುಚ್ಚು ಹಿಡಿದಂತೆ ಕಂಡರೆ, ಹುಚ್ಚುನಾಯಿಯ ಕಡಿತದಿಂದ ಬರುವ ರೇಬೀಸ್ ರೋಗವನ್ನೇ ಮೊದಲು ಶಂಕಿಸತಕ್ಕದ್ದು.

ಅಂಥ ದನವು ಮೇವು ಬಿಡುವುದು, ಜೊಲ್ಲು ಸುರಿಸುವುದು, ಒಡೆದ ಸ್ವರದಿಂದ ಪದೇ ಪದೇ ಕೂಗುವುದು, ಕೆಲವೊಮ್ಮೆ ಹಾಯಲು ಬರುವುದು. ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಗೆದು ಬಾಯೊಳಗೆ ಕೈಹಾಕುವವರುಂಟು. ಜೊಲ್ಲಿನಲ್ಲಿಯೇ ರೋಗಾಣುಗಳಿರುವುದರಿಂದ ಇದು ಪ್ರಾಣಾಪಾಯಕರವು. ಲಕ್ಷಣಗಳು ತೋರಿದ ಮೇಲೆ ಔಷಧವಿಲ್ಲ. ಹೊಡೆಯುವುದೂ ಬರೆ ಹಾಕುವುದೂ ನಿರರ್ಥಕವಾದ ಹಿಂಸೆ. ಉಳಿದ ದನಗಳನ್ನು ಬೇರೆಡೆಗೆ ಸಾಗಿಸಿ, ರೋಗಿಯನ್ನು ಗದ್ದಲವಿಲ್ಲದೆ ಇದ್ದಲ್ಲಿಯೇ ಬಿಟ್ಟು, ಪಶುವೈದ್ಯರನ್ನು ಕರೆಯಿಸತಕ್ಕದ್ದು. ಅದರ ಹಾಲನ್ನು ಬಳಸಲಾಗದು. ಜೊಲ್ಲು ತಗಲಿದವರು ಸಾಬೂನಿನಿಂದ ತೊಳೆದುಕೊಂಡು ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ನಾಯಿ ಕಚ್ಚಿದ ದನದ ಗಾಯವನ್ನು ಕೈಗವಸು ಧರಿಸಿ, ಸಾಬೂನು-ನೀರಿನಿಂದ ಹದಿನೈದು ನಿಮಿಷ ತೊಳೆದು, ತಡಮಾಡದೆ ಲಸಿಕೆ ಹಾಕಿಸಬೇಕು. ಊರಿನ ಮುಖಂಡರು ವರ್ಷಕ್ಕೊಮ್ಮೆ ನಾಯಿಗಳಿಗೆಲ್ಲ ಲಸಿಕೆ ಹಾಕಿಸಿದರೆ, ಕೊಟ್ಟಿಗೆಯೂ ಮನೆಯೂ ಒಟ್ಟಿಗೆ ಉಳಿಯುವುವು.